ಅವ್ವನ ಮೂರು ಚೀಲಗಳು

ಅವ್ವ ಹದಿನೈದು ದಿನದಲ್ಲಿ ಎರಡು ಸಲ ಬಿದ್ದಳು. ಮೊದಲ ಸಲ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ, ಎರಡನೆಯ ಸಲ ಮುಂಬಾಗಿಲಲ್ಲಿ, ರಂಗೋಲಿ ಹಾಕಿ ಏಳುವಾಗ. ಮೂಳೆ ಮುರಿಯಲಿಲ್ಲ. ಆದರೆ ಆಮೇಲೆ ಅವಳು ಗೋಡೆ ಹಿಡಿಯದೆ ಹೆಜ್ಜೆ ಇಡುವುದನ್ನೇ ಬಿಟ್ಟಳು. ಎಪ್ಪತ್ತೆಂಟು ವರ್ಷ ಯಾರ ಆಸರೆಯನ್ನೂ ಬೇಡದವಳು ಬಚ್ಚಲಿಗೆ ಹೋಗಲು ನನ್ನನ್ನು ಕರೆಯತೊಡಗಿದಳು. ಇನ್ನೊಮ್ಮೆ ಬಿದ್ದು ಸೊಂಟ ಮುರಿದರೆ ಹಾಸಿಗೆಯೇ ಗತಿ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಮನೆ ಇರುವುದು ಜಯಲಕ್ಷ್ಮಿಪುರಂನಲ್ಲಿ. ನಾನು ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತೇನೆ; ಅವ್ವ ನನ್ನ ಜೊತೆಗಿದ್ದಾಳೆ. ಅವಳಿಗೆ ಮೂವರು ಡಾಕ್ಟರು: ಹೃದಯಕ್ಕೊಬ್ಬರು, ಸಕ್ಕರೆಗೊಬ್ಬರು, ಮಂಡಿಗೊಬ್ಬರು. ಕಾಗದ ಕಲಸಿಹೋಗದಿರಲಿ ಎಂದು ಮೂರು ಬಟ್ಟೆಚೀಲ ಹೊಲಿಸಿದವಳು ನಾನೇ. ಹೃದಯಕ್ಕೆ ಕೆಂಪು, ಸಕ್ಕರೆಗೆ ಹಸಿರು, ಮಂಡಿಗೆ ನೀಲಿ. ಮಾತ್ರೆಗಳನ್ನು ಆಯಾ ಆಸ್ಪತ್ರೆಯ ಅಂಗಡಿಯಲ್ಲೇ ಕೊಂಡು ಆಯಾ ಚೀಲಕ್ಕೆ ಹಾಕುತ್ತಿದ್ದೆ. ಯಾವ ಡಾಕ್ಟರ ಹತ್ತಿರ ಹೋಗುತ್ತೇವೋ ಅವರ ಚೀಲ ಮಾತ್ರ ಜೊತೆಗೆ. ಮನೆಗೆ ಬಂದವರಿಗೆಲ್ಲ ಈ ಅಚ್ಚುಕಟ್ಟು ತೋರಿಸಿ ಬೀಗುತ್ತಿದ್ದೆ. ಈಗ ನೆನೆದರೆ ಹೇಸಿಗೆಯಾಗುತ್ತದೆ.

ಹೃದಯದ ಡಾಕ್ಟರು ಪ್ರತಿ ಸಲ ಮುಖ ಎತ್ತದೆ ಕೇಳುತ್ತಿದ್ದರು: "ಬೇರೆ ಏನಾದ್ರೂ ಮಾತ್ರೆ ತಗೋತೀರಾ?"

ಅವ್ವ ಪ್ರತಿ ಸಲ "ಇಲ್ಲ ಸ್ವಾಮಿ" ಎನ್ನುತ್ತಿದ್ದಳು.

ಒಮ್ಮೆ ಹೊರಗೆ ಬಂದ ಮೇಲೆ ಕೇಳಿದೆ. "ಯಾಕವ್ವ ಸುಳ್ಳು ಹೇಳ್ದೆ?"

"ಒಬ್ಬ ಡಾಕ್ಟ್ರ ಎದುರಿಗೆ ಇನ್ನೊಬ್ಬ ಡಾಕ್ಟ್ರ ಮಾತು ಎತ್ತಬಾರ್ದು ಕಣವ್ವ. ನನ್ ಮೇಲೆ ನಂಬಿಕೆ ಇಲ್ದೆ ಅಲ್ಲಿಗೂ ಹೋಗವ್ಳೆ ಅಂತ ಬೇಜಾರು ಮಾಡ್ಕೊಂಬುಡ್ತಾರೆ."

ನಾನು ನಕ್ಕು ಆಟೋ ಕರೆದೆ. ಕಚೇರಿಯಲ್ಲಿ ಯಾರ ಹೇಳಿಕೆಯನ್ನೂ ಇನ್ನೊಂದು ಕಡೆ ವಿಚಾರಿಸದೆ ಪುಟಕ್ಕೆ ಬಿಡದವಳು ನಾನು.

ಅವ್ವ ಬಿದ್ದ ವಿಷಯ ಹೇಳಿದಾಗ ಆ ಡಾಕ್ಟರು ಅವಳನ್ನು ಎಬ್ಬಿಸಿ ನಿಲ್ಲಿಸಿಯೂ ನೋಡಲಿಲ್ಲ. "ವಯಸ್ಸಾಯ್ತಲ್ಲ" ಎಂದು ತಲೆಸುತ್ತಿಗೆ ಇನ್ನೊಂದು ಮಾತ್ರೆ ಬರೆದರು. ಬರೆಯುವಾಗಲೂ ಎಡಗೈ ಫೋನಿನ ಮೇಲಿತ್ತು.

ಆಸ್ಪತ್ರೆಯ ಅಂಗಡಿಯಲ್ಲಿ ಆ ಮಾತ್ರೆ ಇರಲಿಲ್ಲ. ನಮ್ಮ ಬೀದಿಯ ಮೆಡಿಕಲ್ ಅಂಗಡಿಗೆ ಹೋದೆ. ಔಷಧಿ ಕೊಡುವ ಹೆಂಗಸು ಚೀಟಿ ನೋಡಿ, "ಅಮ್ಮಂಗೆ ತಲೆ ಸುತ್ತೋದು ಯಾವಾಗ? ಕೂತಿದ್ದಾಗ್ಲೋ, ಎದ್ದಾಗ್ಲೋ?" ಎಂದರು. ಅದುವರೆಗೆ ಯಾರೂ ಕೇಳಿರಲಿಲ್ಲ.

"ಎದ್ದಾಗ."

ಅವರು ಮಾತ್ರೆ ಕೊಡಲಿಲ್ಲ. "ಮನೇಲಿರೋ ಅಷ್ಟೂ ಔಷಧಿ ತಗೊಂಡು, ಅಮ್ಮನ್ನೂ ಕರ್ಕೊಂಡು ನಾಳೆ ಪಕ್ಕದ ಕ್ಲಿನಿಕ್ಕಿಗೆ ಬನ್ನಿ. ನಾನೂ ಬರ್ತೀನಿ."

ಮರುದಿನ ಕ್ಲಿನಿಕ್ಕಿನ ಮೇಜಿನ ಮೇಲೆ ಮೂರೂ ಚೀಲ ಸುರಿದೆ. ಹದಿಮೂರು ಬಗೆ ಮಾತ್ರೆ. ಅಲ್ಲಿಯ ಡಾಕ್ಟರಮ್ಮ ಒಂದು ಕಡೆ, ಅಂಗಡಿಯವರು ಇನ್ನೊಂದು ಕಡೆ ಕೂತರು. ನರ್ಸು ಅವ್ವನ ಬಿ.ಪಿ.ಯನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿದರು. ನಿಂತಾಗ ಅದು ಕುಸಿದಿತ್ತು. ಅಷ್ಟರಲ್ಲಿ ಅಂಗಡಿಯವರು ಕೆಂಪು ಚೀಲದ ಒಂದು ಶೀಟು, ಹಸಿರು ಚೀಲದ ಒಂದು ಶೀಟು ಎತ್ತಿ ಪಕ್ಕಪಕ್ಕ ಇಟ್ಟರು. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ಹಿಂದೆ ಸಣ್ಣಕ್ಷರದಲ್ಲಿದ್ದ ಔಷಧಿ ಒಂದೇ, ಬಿ.ಪಿ. ಇಳಿಸುವುದು. ನಾಲ್ಕು ತಿಂಗಳಿಂದ ಅವ್ವ ಎರಡನ್ನೂ ನುಂಗುತ್ತಿದ್ದಳು. ದಿನವೂ ಅವನ್ನು ಅವಳ ಅಂಗೈಗೆ ಹಾಕುತ್ತಿದ್ದವಳು ನಾನು.

ಡಾಕ್ಟರಮ್ಮ ಅಲ್ಲಿಂದಲೇ ಫೋನು ಮಾಡಿದರು. ಸಕ್ಕರೆಯವರು, "ನಮ್ಮ ಹತ್ರ ಯಾರೂ ಹೇಳ್ಲೇ ಇಲ್ವಲ್ಲ! ನಂದು ನಿಲ್ಸಿ" ಎಂದರು. ಹೃದಯದವರು, "ನಾನು ಬರೆದಿದ್ದಕ್ಕೆ ಯಾರೂ ಕೈ ಹಾಕ್ಬೇಡಿ" ಎಂದು ಫೋನು ಇಟ್ಟುಬಿಟ್ಟರು. ಅವ್ವನ ಬಿ.ಪಿ. ಕುಸಿದದ್ದರ ಬಗ್ಗೆ ಒಂದು ಮಾತಿಲ್ಲ. ತಮ್ಮ ಕೈಬರಹದ ಮರ್ಯಾದೆಯೊಂದೇ. ಸಕ್ಕರೆಯವರ ಬಿ.ಪಿ. ಮಾತ್ರೆ ನಿಂತಿತು. ತಲೆಸುತ್ತಿನ ಮಾತ್ರೆ ಶುರುವಾಗಲೇ ಇಲ್ಲ. ಉಳಿದ ಮಾತ್ರೆಗಳ ಪಟ್ಟಿಯೆಲ್ಲ ಒಂದೇ ಹಾಳೆಗೆ ಬಂತು. ವಾರಕ್ಕೊಮ್ಮೆ ನರ್ಸು ಮನೆಗೆ ಬಂದು ಅವ್ವನನ್ನು ನಿಲ್ಲಿಸಿ ಬಿ.ಪಿ. ನೋಡುತ್ತಿದ್ದರು.

ತಿಂಗಳ ನಂತರ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲಕ್ಕೆ ತುಂಬಿ, ಆ ಹಾಳೆಯ ಜೊತೆ ಹೃದಯದ ಡಾಕ್ಟರ ಮುಂದೆ ಇಟ್ಟೆವು. ಅವರು ತಮ್ಮ ಮಾತ್ರೆಗಳನ್ನು ಆರಿಸಿಕೊಂಡು ಉಳಿದವನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದರು. "ಇವೆಲ್ಲ ನಂಗ್ಯಾಕಮ್ಮ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೇಳಿದಳು: "ಅವೂ ನನ್ ಹೊಟ್ಟೆಗೇ ವೋಗೋದು ಕಣಪ್ಪ. ಅಲ್ಲಿ ಮೂರು ಚೀಲ ಇಲ್ಲ."

ಅವರು ಮೊದಲ ಬಾರಿಗೆ ಅವಳ ಮುಖ ನೋಡಿದರು. ಹಾಳೆ ಎಳೆದುಕೊಂಡು ಓದಿದರು. ಕ್ಷಮೆ ಕೇಳಲಿಲ್ಲ.

ಅವ್ವ ಕುರ್ಚಿಯ ಕೈ ಹಿಡಿದು ಎದ್ದು, ನರ್ಸು ಹೇಳಿಕೊಟ್ಟ ಹಾಗೆ ಒಂದು ಗಳಿಗೆ ನಿಂತಳು. ನಾನು ಕೈ ಚಾಚಿದೆ.

"ಬುಡವ್ವ," ಎಂದು ಒಬ್ಬಳೇ ಬಾಗಿಲ ತನಕ ನಡೆದಳು.

ಮೂರು ಬಣ್ಣದ ಚೀಲಗಳು ಈಗ ಒಗೆಯುವ ಕಲ್ಲಿನ ಪಕ್ಕ ಕಾಲೊರಸುಗಳಾಗಿವೆ. ಅವುಗಳನ್ನು ಅಲ್ಲಿ ಹಾಸಿದವಳು ಅವ್ವ.