ಪ್ರೊಫೆಸರು ನೋಡದ ಹಿಮನದಿ

ಅರವತ್ತರ ದಶಕದ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಭೂವಿಜ್ಞಾನದ ಪ್ರೊಫೆಸರು ಬೆಳಿಗ್ಗೆ ಅಲ್ಲಿಂದ ಬನಶಂಕರಿ ಕಡೆಯ ಬಂಡೆಗಳವರೆಗೆ ನಡೆದು, ಹತ್ತಿ ಇಳಿದು ಬರುತ್ತಿದ್ದರು. ಉಬ್ಬಸದ ಮನುಷ್ಯ. ಆದರೂ ರಿಟೈರ್ ಆಗುವ ಮೊದಲು ಒಂದು ಹಿಮನದಿ ನೋಡಲೇಬೇಕೆಂಬ ಹಟ, ಅದಕ್ಕೇ ಈ ತಾಲೀಮು. ವರ್ಷಗಟ್ಟಲೆ ಹಿಮನದಿಯ ಪಾಠ ಮಾಡಿದ್ದರು, ನೋಡಿದ್ದು ಚಿತ್ರದಲ್ಲಿ ಮಾತ್ರ. ಪಾಠವೆಂದರೆ ನೋಟ್ಸ್ ಬರೆಸುವುದು. ಪರೀಕ್ಷೆಯಲ್ಲಿ ಅದರ ಒಂದಕ್ಷರವೂ ಆಚೀಚೆ ಆಗುವಂತಿರಲಿಲ್ಲ. ನಾನು ಅವರ ಹಳೆಯ ವಿದ್ಯಾರ್ಥಿ, ಆಗ ಅವರ ಕೈಕೆಳಗೆ ಡೆಮಾನ್‌ಸ್ಟ್ರೇಟರು.

ಆ ವರ್ಷ ಹುಡುಗರನ್ನು ಕರೆದುಕೊಂಡು ಹಿಮಾಲಯಕ್ಕೆ ಪ್ರವಾಸ ಹೊರಟೆವು. ದಾರಿಯಲ್ಲಿ ಪುಣೆಯ ಹತ್ತಿರ ಇಳಿದಾಗ ಪ್ರೊಫೆಸರು, ಲಾವಾ ಹರಿದು ಗಟ್ಟಿಯಾದ ಕಪ್ಪು ಬೆಟ್ಟಗಳನ್ನು ತೋರಿಸಿದರು. ಅಲ್ಲಿ ಸುತ್ತಿಗೆ ಹಿಡಿದು ಮದುವೆಮನೆಯ ಯಜಮಾನನಂತೆ ಓಡಾಡಿದರು. ಹಿಮಾಲಯದಲ್ಲಿ, ಹಿಮನದಿಗೆ ಇನ್ನೊಂದೇ ಏರು ಬಾಕಿ ಇರುವಾಗ ಅವರಿಗೆ ಉಸಿರು ಕಟ್ಟಿತು. ಕಲ್ಲಿನ ಮೇಲೆ ಕುಳಿತುಬಿಟ್ಟರು.

"ನೀವಾದ್ರೂ ಹುಡುಗರ ಜೊತೆ ಹೋಗಿ ಬನ್ರೀ" ಎಂದರು ನನಗೆ.

"ನಿಮ್ಮೊಬ್ರನ್ನೇ ಬಿಟ್ಟು ಹೆಂಗ್ ಹೋಗ್ಲಿ ಸಾರ್?"

ಹುಡುಗರನ್ನು ಗೈಡ್ ಜೊತೆ ಕಳಿಸಿ ನಾನು ಉಳಿದೆ. ಆ ಬೆಟ್ಟದ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಇಷ್ಟು ದೂರ ಬಂದ ಮುದುಕನಿಗೆ ಅದು ಇನ್ನೊಂದು ಏರನ್ನು ಅಡ್ಡ ಇಡಬೇಕಿತ್ತೇ?

ಸಂಜೆ ಹುಡುಗರು ಇಳಿದು ಬಂದರು. ಪ್ರೊಫೆಸರು ಕುಳಿತಲ್ಲಿಂದಲೇ ಮುಂದಕ್ಕೆ ಬಾಗಿ, "ಹೇಳ್ರೋ, ಹೆಂಗಿತ್ತು?" ಎಂದು ಕೇಳಿದರು.

ತರಗತಿಗೆ ಮೊದಲನೆಯವನಾಗಿದ್ದ ಹುಡುಗ ಕೈಕಟ್ಟಿ ನಿಂತು ಇಂಗ್ಲಿಷಿನಲ್ಲಿ ಒಪ್ಪಿಸತೊಡಗಿದ. ಹಿಮನದಿ ಎಂದರೆ ಏನು, ಅದು ಚಲಿಸುವುದು ಹೇಗೆ, ಅದರಲ್ಲಿ ಬಿರುಕು ಬೀಳುವುದು ಏಕೆ. ಒಂದಕ್ಷರ ತಪ್ಪಿಲ್ಲ. ಎಲ್ಲವೂ ಪ್ರೊಫೆಸರು ಬರೆಸಿದ್ದ ನೋಟ್ಸು.

"ಅದು ನಾನು ಹೇಳಿದ್ದಲ್ವೇನೋ. ನೀನು ಕಂಡಿದ್ದು ಹೇಳಪ್ಪಾ."

ಹುಡುಗ ಎಲ್ಲೋ ತಪ್ಪಿದೆನೆಂದುಕೊಂಡು ಗಾಬರಿಯಿಂದ ಮತ್ತೆ ಮೊದಲಿನಿಂದ ಶುರುಮಾಡಿದ. ಪಕ್ಕದವನೂ ಅದನ್ನೇ ಹೇಳಿದ.

"ಸಾಕು ಬಿಡ್ರಪ್ಪಾ. ಚೆನ್ನಾಗಿ ಕಲ್ತಿದೀರ" ಎಂದು ಪ್ರೊಫೆಸರು ಮಫ್ಲರನ್ನು ಮುಖದವರೆಗೆ ಎಳೆದುಕೊಂಡರು. ಅವರು ಅಳುತ್ತಿದ್ದರು. ನನಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ ಅವರು ಕಾಲೇಜಿಗೆ ಬರಲಿಲ್ಲ. ಉಬ್ಬಸ ಜಾಸ್ತಿಯಾಗಿ ಜಯನಗರದ ಮನೆಯಲ್ಲೇ ತೀರಿಕೊಂಡರು. ಹಿಮನದಿಯ ಪಾಠ ನನ್ನ ಪಾಲಿಗೆ ಬಂತು. ಹೊಸ ಹುಡುಗರು ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದರು. ನಾನೂ ಹಿಮನದಿ ಕಂಡವನಲ್ಲ.

"ಬರ್ಕೊಳ್ಳಿ" ಎಂದೆ.