ಆತೇನು ಎಂದು ಕೇಳುತ್ತಿದ್ದ ದೊಡ್ಡವ್ವ

ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಒಂದು ವಾಸನೆ ಏಳುತ್ತದೆ. ಅದು ಹಸಿ ಹಿಟ್ಟಿನದ್ದೂ ಅಲ್ಲ, ಬೆಂದ ರೊಟ್ಟಿಯದ್ದೂ ಅಲ್ಲ. ಮೊನ್ನೆ ಗುರುವಾರ ಸಂಜೆ ಹತ್ತಿ ಗಿರಣಿಯಿಂದ ಮರಳುವಾಗ, ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಸದಾಗಿ ತೆರೆದ ರೊಟ್ಟಿ ಅಂಗಡಿಯ ಮುಂದೆ ಆ ವಾಸನೆ ಬಂತು. ನಾನು ನಿಂತೆ. ಒಳಗೆ ಇಬ್ಬರು ಹೆಂಗಸರು ಎದುರುಬದುರು ಕೂತು ರೊಟ್ಟಿ ಬಡಿಯುತ್ತಿದ್ದರು. ಒಬ್ಬಳು ತಲೆ ಎತ್ತಿ, "ಎಷ್ಟ್ ಬೇಕ್ರಿ ಮೇಡಂ?" ಎಂದಳು. ಎರಡು ಎಂದೆ. ಅವಳು ಬೇರೆ ಏನನ್ನೂ ಕೇಳಲಿಲ್ಲ. ಕೇಳುವುದಾದರೂ ಯಾಕೆ...

ಬೇರೆಯದನ್ನು ಕೇಳುತ್ತಿದ್ದವಳು ದೊಡ್ಡವ್ವ. ನನಗೆ ಆಕೆ ಸಂಬಂಧಿಯೇನಲ್ಲ. ನಾನು ದೇವದುರ್ಗದಿಂದ ಕೆಲಸಕ್ಕೆಂದು ರಾಯಚೂರಿಗೆ ಬಂದು ಮೊದಲು ಇದ್ದದ್ದು ಒಂದೇ ಸಾಲಿನ ಐದು ಮನೆಗಳಲ್ಲಿ ನಾಲ್ಕನೆಯದರಲ್ಲಿ. ಸಾಲಿನ ತುದಿಗೆ ಎಲ್ಲರಿಗೂ ಸೇರಿ ಎರಡು ಪಾಯಿಖಾನೆ. ಅವುಗಳ ಪಕ್ಕದ ಕೊನೆಯ ಮನೆ ಆಕೆಯದು. ಮನೆಯ ಮುಂದಿನ ಕಟ್ಟೆಯ ಮೇಲೆ ಒಲೆ ಹೂಡಿಕೊಂಡು ಬೆಳಿಗ್ಗೆಯಿಂದ ರೊಟ್ಟಿ ಬಡಿಯುತ್ತಿದ್ದಳು, ಖಾನಾವಳಿಗಳಿಗೆ ಕೊಡುತ್ತಿದ್ದಳು. ಬಕೆಟ್ ಹಿಡಿದು ಹೋಗುವವರೆಲ್ಲ ಆಕೆಯ ಮುಂದೆಯೇ ಹಾದು ಹೋಗಬೇಕು, ಮುಂದೆಯೇ ಹಾದು ಬರಬೇಕು. ಬರುವಾಗ ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ.

"ಆತೇನು?"

ಮೊದಲ ದಿನ ನನ್ನನ್ನೂ ಕೇಳಿದಳು. ನಾನು ಕೇಳಿಸದವಳಂತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಪಕ್ಕದ ಮನೆಯ ಅಕ್ಕ ನಕ್ಕು, "ಆಕಿ ಹಂಗ. ಊಟ ಆತೇನು ಅಂತ ಮಂದಿ ಕೇಳ್ತಾರ, ಆಕಿ ಮುಂದಿಂದು ಕೇಳ್ತಾಳ" ಎಂದಳು.

ದೊಡ್ಡವ್ವ ದೇವದುರ್ಗ ತಾಲೂಕಿನ, ಹೊಳೆದಂಡೆಯ ಊರಿನವಳು. ಗಂಡ ದುಡಿಯಲು ಪುಣೆಯ ಕಡೆ ಹೋದವನು ಮರಳಿರಲಿಲ್ಲ. "ಬಳಿ ತಗೀಬೇಕೋ ಇಟ್ಕೋಬೇಕೋ ಯಾರೂ ಹೇಳವಲ್ರು. ಅದಕ್ಕ ಇಟ್ಕೊಂಡೀನಿ" ಎನ್ನುತ್ತಿದ್ದಳು. ಎರಡೂ ಕೈಗೆ ಹಸಿರು ಗಾಜಿನ ಬಳೆ. ರೊಟ್ಟಿ ಬಡಿಯುವಾಗ ಅವು ಮುಂಗೈಯಲ್ಲಿ ಬಿಗಿಯಾಗಿ ಕೂತು, ಹಿಟ್ಟು ಹತ್ತಿ ಬೆಳ್ಳಗಾಗಿರುತ್ತಿದ್ದವು. ಮಕ್ಕಳಿಲ್ಲ. ಮಾನ್ವಿಯಲ್ಲಿ ಒಬ್ಬ ತಂಗಿ ಇದ್ದಳು.

ಆ ಪ್ರಶ್ನೆಯ ಮೂಲ ನನಗೆ ನಿಧಾನವಾಗಿ ತಿಳಿಯಿತು. ಆಕೆಯ ಊರಿನಲ್ಲಿ ಹೆಂಗಸರು ಹೊತ್ತು ಮುಳುಗಿದ ಮೇಲೆ ತಂಬಿಗೆ ಹಿಡಿದು ಗುಂಪಾಗಿ ಬಯಲಿಗೆ ಹೋಗುತ್ತಿದ್ದರು. ಜಾಲಿ ಗಿಡಗಳ ಹಿಂದೆ ಸಾಲಾಗಿ ಕೂತು ಸೊಸೆಯ ಮಾತು, ಅತ್ತೆಯ ಮಾತು, ಯಾರ ಹೊಟ್ಟೆ ಕೆಟ್ಟಿದೆ, ಯಾರದು ಕಟ್ಟಿದೆ ಎಲ್ಲ ಅಲ್ಲೇ. "ಅದೇನ್ ಸುಖ ಅಲ್ಲ ಬಿಡು. ಹಾವು, ಚೇಳು, ಗಂಡಸರ ಬ್ಯಾಟರಿ ಬೆಳಕು. ಬೆಳಕಿರೂ ತನಾ ತಡಕೊಂಡು ತಡಕೊಂಡು ಹೊಟ್ಟಿ ಕಲ್ಲಾಗ್ತಿತ್ತು. ಆದ್ರ ಒಬ್ಬಾಕಿ ಇರ್ತಿದ್ದಿಲ್ಲ ನೋಡು" ಎಂದಿದ್ದಳು ಒಮ್ಮೆ. ಈಗ ಬಾಗಿಲು ಇರುವ ಪಾಯಿಖಾನೆ. ಗೆಳತಿಯರಿಲ್ಲ. ಪ್ರಶ್ನೆಯೊಂದು ಉಳಿದುಕೊಂಡಿತ್ತು.

ನನಗೆ ದಿನಚರಿ ಬರೆಯುವ ರೂಢಿ ಶಾಲೆಯಿಂದಲೂ ಇದೆ. ಎಷ್ಟು ಗಂಟೆಗೆ ಎದ್ದೆ, ಏನು ತಿಂದೆ, ಎಷ್ಟು ಖರ್ಚಾಯಿತು, ಎಲ್ಲಕ್ಕೂ ಗೆರೆ ಎಳೆದ ಮನೆಗಳು. ಆ ವರ್ಷ ಅದಕ್ಕೆ ತೂಕದ ಮನೆಯೂ ಸೇರಿತು. ಮಾನ್ವಿಯಿಂದ ಒಂದು ಸಂಬಂಧ ಬಂದಿತ್ತು. ದೇವದುರ್ಗದ ಮನೆಯಲ್ಲಿ ಚಹಾ ಕುಡಿದು ಎದ್ದ ಹುಡುಗನ ಸೋದರತ್ತೆ ಬಾಗಿಲಲ್ಲಿ ನಿಂತು ಅವ್ವನಿಗೆ, "ಹುಡುಗಿ ಛಲೋ ಅದಾಳ್ರಿ. ಒಂದೀಟು ಮೈ ಇಳಸಿದ್ರ..." ಎಂದು ಮಾತು ಅಲ್ಲಿಗೇ ಬಿಟ್ಟಿದ್ದಳು. ದೀಪಾವಳಿಯ ನಂತರ ಮತ್ತೊಮ್ಮೆ ಬರುತ್ತೇವೆ ಎಂದರು.

ರಾಯಚೂರಿಗೆ ಬಂದವಳೇ ತೂಕದ ಯಂತ್ರ ಕೊಂಡೆ. ರೊಟ್ಟಿ ಬಿಟ್ಟೆ, ಅನ್ನ ಬಿಟ್ಟೆ. ಬೇಯಿಸಿದ ಮೊಟ್ಟೆ, ಡಬ್ಬಿಯ ಪ್ರೋಟೀನ್ ಪುಡಿ, ಒಂದು ಲೋಟ ಮಜ್ಜಿಗೆ, ಅಷ್ಟೇ. ನೀರನ್ನೂ ಕಡಿಮೆ ಮಾಡಿದೆ. ಗಿರಣಿಯ ಕಚೇರಿಯಲ್ಲಿ ಇದ್ದದ್ದು ಒಂದೇ ಪಾಯಿಖಾನೆ, ಅದಕ್ಕೆ ಹೋಗಲು ಲೆಕ್ಕ ಬರೆಯುವ ಗಂಡಸರ ಮೇಜುಗಳ ನಡುವೆ ಹಾದು ಹೋಗಬೇಕು. ಅದರ ಮೇಲೆ, ರಾತ್ರಿ ನೀರು ಕುಡಿಯದಿದ್ದರೆ ಬೆಳಿಗ್ಗೆ ಯಂತ್ರದ ಮುಳ್ಳು ಸ್ವಲ್ಪ ಕೆಳಗೆ ನಿಲ್ಲುತ್ತಿತ್ತು. ಆ ಸ್ವಲ್ಪಕ್ಕೆ ನನಗೆ ಇಡೀ ದಿನ ಸಾಲುವಷ್ಟು ಸಂತೋಷ.

ಹೊಟ್ಟೆ ಕಟ್ಟಿತು. ಎಲ್ಲವನ್ನೂ ಬರೆಯುವ ನಾನು ಅದನ್ನು ಮಾತ್ರ ಬರೆಯಲಿಲ್ಲ. ಯಾರಿಗೆ ಹೇಳುವುದು? ಅವ್ವನಿಗೆ ಫೋನಿನಲ್ಲಿ ಹೇಳಿದರೆ ಗಾಬರಿಯಾಗುತ್ತಾಳೆ. ಕಚೇರಿಯಲ್ಲಿ ಹೇಳುವ ಮಾತಲ್ಲ. ಊರ ತುಂಬ ಜನ, ಆದರೆ ಇಷ್ಟು ಚಿಕ್ಕದೊಂದು ಮಾತು ಹೇಳಲು ಒಬ್ಬರಿಲ್ಲ... ಹೊಟ್ಟೆ ಸಡಿಲಾಗಲೆಂದು ಅಂಗಡಿಯಿಂದ ಇಸಬ್‌ಗೋಲ್ ತಂದು, ಒಂದು ಚಮಚ ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರಿನಲ್ಲಿ ನುಂಗಿದೆ. ಆಗಲಿಲ್ಲ. ಮರುದಿನ ಎರಡು ಚಮಚ.

ಆ ಭಾನುವಾರ ದೊಡ್ಡವ್ವ ನನ್ನ ಬಾಗಿಲಿಗೇ ಬಂದಳು.

"ಏನಬೇ, ನಿನ್ನ ಬಕೀಟು ಸಪ್ಪಳನ ಮಾಡವಲ್ದು? ನಾಕು ದಿನಾತು."

"ಇಲ್ಲ ದೊಡ್ಡವ್ವ, ಆರಾಮ ಅದೀನಿ."

"ಆರಾಮ ಇದ್ದಾಕಿ ಹಿಂಗ ಸೊಟ್ಟ ನಿಂದ್ರಂಗಿಲ್ಲ. ಏನ್ ತಗೊಂಡಿ?"

ಇಸಬ್‌ಗೋಲಿನ ಡಬ್ಬಿ ತೋರಿಸಿದೆ. ಹೇಗೆ ತೆಗೆದುಕೊಂಡೆ ಎಂದು ಕೇಳಿ, ಹೇಳಿದ್ದಕ್ಕೆ ಹಣೆ ಬಡಿದುಕೊಂಡಳು. "ನೀರ ಹಾಕದ ಹಿಟ್ಟ ಕಲಸ್ತಾರೇನ ಯವ್ವಾ? ಒಣಾ ಹಿಟ್ಟ ಹೊಟ್ಟ್ಯಾಗ ಉಂಡಿ ಕಟ್ಟಿ ಕುಂತದ. ತೂಕ ಇಳೀಲಿ ಅಂತ ಅದಕೂ ನೀರ ಇಲ್ಲ?"

ಅಂದು ಆಕೆ ನನ್ನನ್ನು ತನ್ನ ಕಟ್ಟೆಯ ಮೇಲೆ ಕೂರಿಸಿಕೊಂಡು ಬಿಸಿನೀರು ಕುಡಿಸಿದಳು, ಒಮ್ಮೆಗೇ ಅಲ್ಲ, ರೊಟ್ಟಿ ಬಡಿಯುತ್ತ ನಡುನಡುವೆ. ಒಂದು ರೊಟ್ಟಿ, ಜೊತೆಗೆ ಬಟ್ಟಲು ತುಂಬ ಪುಂಡಿಸೊಪ್ಪಿನ ಪಲ್ಯ ಮುಂದಿಟ್ಟಳು. "ಒಂದ್ ರೊಟ್ಟಿಗೆ ಯಾರೂ ದಪ್ಪ ಆಗಂಗಿಲ್ಲ. ಎಣ್ಣಿ, ಸಕ್ಕರಿ ಬಿಡು ಬೇಕಾದ್ರ. ರೊಟ್ಟಿ ಬಿಟ್ಟಿ ಅಂದ್ರ ನನ್ ಹೊಟ್ಟಿಗೂ ಹೊಡೀತಿ, ನಿನ್ ಹೊಟ್ಟಿಗೂ ಹೊಡೀತಿ." ಸಂಜೆ ರೈಲು ನಿಲ್ದಾಣದ ತನಕ ನಡೆಸಿಕೊಂಡು ಹೋದಳು. ಬೆಳಿಗ್ಗೆ ಬಿಸಿನೀರು ಕುಡಿದು ಸ್ವಲ್ಪ ಹೊತ್ತಿಗೆ ಹೋಗಬೇಕು, ಬಂದಾಗ ತಡೆಯಬಾರದು, ಗಿರಣಿಯ ಗಂಡಸರು ನೋಡಿದರೆ ನೋಡಲಿ, ಅವರೂ ಅದಕ್ಕೇ ಹೋಗುವವರು ಎಂದಳು. ಮರುದಿನ ಬೆಳಿಗ್ಗೆ ಬಕೆಟ್ ಹಿಡಿದು ಮರಳುವಾಗ ಆಕೆ ಕೇಳಿದಳು. ನಾನು ಮೊದಲ ಬಾರಿ ಉತ್ತರ ಕೊಟ್ಟೆ.

"ಆತು ದೊಡ್ಡವ್ವ."

"ಹಾಂ" ಎಂದಳು, ದೊಡ್ಡ ಸುದ್ದಿ ಕೇಳಿದವಳಂತೆ.

ಅಲ್ಲಿಂದ ದಿನವೂ ಆಕೆಯ ಕಟ್ಟೆಯಲ್ಲಿ ಕೂರುವುದು ಅಭ್ಯಾಸವಾಯಿತು. ಒಂದು ರೊಟ್ಟಿ, ಪಲ್ಯ, ಒಮ್ಮೊಮ್ಮೆ ಪೇರಲಹಣ್ಣು. ತೂಕ ನಿಧಾನವಾಗಿ ಆದರೂ ಇಳಿಯುತ್ತಲೇ ಇತ್ತು. ಆಗಲೇ ಗಮನಿಸಿದ್ದು, ರೊಟ್ಟಿ ಬಡಿಯುವಾಗ ಆಕೆಯ ಬಳೆಗಳು ಮುಂಗೈ ದಾಟಿ ಅಂಗೈ ತನಕ ಜಾರುತ್ತಿದ್ದವು. ಪ್ರತಿ ರೊಟ್ಟಿಗೊಮ್ಮೆ ಮೊಣಕೈಯತ್ತ ತಳ್ಳಿಕೊಳ್ಳುತ್ತಿದ್ದಳು. "ನನಗ ಮುಳ್ಳು ಇಳೀಲಿಕ್ಕೆ ಉಪವಾಸ, ನಿನಗ ಪುಕ್ಕಟೆ" ಎಂದು ನಾನು ನಗಾಡಿದೆ. ಆಕೆಯೂ ನಕ್ಕಳು.

ದೀಪಾವಳಿ ಮುಗಿಯುತ್ತಿದ್ದಂತೆ ಮಾನ್ವಿಯವರು ಬರುತ್ತಾರೆಂದು ಅವ್ವ ಫೋನ್ ಮಾಡಿದಳು. ನಾನು ಮತ್ತೆ ಎಲ್ಲವನ್ನೂ ಬಿಟ್ಟೆ. ಕೆಲಸ ಹೆಚ್ಚು, ಕಚೇರಿಯಲ್ಲೇ ಉಣ್ಣುತ್ತೇನೆ ಎಂದು ದೊಡ್ಡವ್ವನಿಂದ ತಪ್ಪಿಸಿಕೊಂಡು ಓಡಾಡಿದೆ. ಒಂದು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಟ್ಟೆ ಡೊಳ್ಳಿನಂತೆ ಬಿಗಿದಿತ್ತು. ಗಾಳಿಯೂ ಹೋಗುತ್ತಿರಲಿಲ್ಲ. ನೋವು ಅಲೆ ಅಲೆಯಾಗಿ ಬರುತ್ತಿತ್ತು. ವಾಂತಿ ಮಾಡಿಕೊಂಡು ಗೋಡೆ ಹಿಡಿದು ಕಟ್ಟೆಯ ತನಕ ಹೋದೆ.

"ದೊಡ್ಡವ್ವ, ಹೊಟ್ಟಿ ಸಡಲಾಗ್ಲಿಕ್ಕೆ ಔಡಲೆಣ್ಣಿ ಇದ್ರ ಕೊಡು."

ಆಕೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. ತೆಗೆದಳು. "ವಾಂತಿ ಆತೇನು?"

"ಎರಡ್ ಸಲ."

"ಮುಗೀತು ನನ್ ಮನಿ ಮದ್ದು" ಎಂದು ಒಲೆಯ ಕಟ್ಟಿಗೆ ಹಿಂದಕ್ಕೆಳೆದು ನೀರು ಚಿಮುಕಿಸಿದಳು. "ಮುಂದಿನ ಬಾಗಲಾ ಮುಚ್ಚಿದ್ದಾಗ ಹಿಂದಿನಿಂದ ನೂಕಬಾರದು. ನಮ್ಮೂರಾಗ ಒಬ್ಬಾಕಿಗೆ ಹಿಂಗ ಎಣ್ಣಿ ಕುಡಿಸಿ... ಬ್ಯಾಡ ಬಿಡು ಆ ಮಾತು. ನಡಿ."

ಕಲಸಿದ ಹಿಟ್ಟು ಪರಾತದಲ್ಲಿ ಹಾಗೆಯೇ ಉಳಿಯಿತು. ಆಟೋದಲ್ಲಿ ನನ್ನನ್ನು ಒಂದು ಚಿಕ್ಕ ಆಸ್ಪತ್ರೆಗೆ ಕರೆದೊಯ್ದಳು. ವೈದ್ಯೆ ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಬರೆಯುತ್ತಲೇ ಒಂದೊಂದಾಗಿ ಕೇಳಿದರು. ಮಲದಲ್ಲಿ ರಕ್ತ ಹೋಗುತ್ತದೆಯೇ? ಇಲ್ಲ ಎಂದೆ. ನೀನಾಗಿ ಊಟ ಬಿಡುವ ಮೊದಲೂ ತೂಕ ತಾನಾಗಿಯೇ ಇಳಿಯುತ್ತಿತ್ತೇ? ಇಲ್ಲ. ಒಮ್ಮೆ ಕಟ್ಟುವುದು, ಒಮ್ಮೆ ಸಡಿಲಾಗುವುದು, ಹೀಗೆ ತಿಂಗಳುಗಟ್ಟಲೆ ಆಗಿದೆಯೇ? ಇಲ್ಲ. ಹೋಗಿ ಬಂದ ಮೇಲೂ ಪೂರ್ತಿ ಆಗಿಲ್ಲ ಅನ್ನಿಸುತ್ತದೆಯೇ? ಇಲ್ಲ. ನಾನು ಇಲ್ಲ ಇಲ್ಲ ಎನ್ನುತ್ತ ಹೋದೆ. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ದೊಡ್ಡವ್ವ ಬಾಗಿಲಿನಿಂದಲೂ ಮಾತಾಡುತ್ತಿದ್ದವಳು, ಮೊದಲ ಪ್ರಶ್ನೆಗೇ ಸುಮ್ಮನಾಗಿದ್ದಳು. ಕೈಯ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತಿದ್ದಳು.

ಹೊಟ್ಟೆಯ ಎಕ್ಸ್‌ರೇ ತೆಗೆದು, ಕರುಳು ಮುಚ್ಚಿಲ್ಲ, ಮಲ ಗಟ್ಟಿಯಾಗಿ ಸಿಕ್ಕಿದೆ ಎಂದರು. ಸಲೈನ್ ಏರಿಸಿ, ಎನಿಮಾ ಕೊಟ್ಟು, ಒಂದು ರಾತ್ರಿ ಇರಿಸಿಕೊಂಡರು. ಮರುದಿನ ವೈದ್ಯೆ, "ತೂಕ ಇಳಿಸು, ಬೇಡ ಅನ್ನಲ್ಲ. ಆದರೆ ನೀರು, ನಾರು ಬಿಟ್ಟು ಇಳಿಸಬೇಡ. ನೋವಿನ ಜೊತೆ ವಾಂತಿ ಬಂದರೆ, ಗಾಳಿ ಹೋಗದಿದ್ದರೆ ಮನೆಯಲ್ಲಿ ಕೂರಬೇಡ. ಈ ಸಲ ಬೇಗ ಬಂದೆ" ಎಂದರು. ಬೇಗ ಕರೆತಂದವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಮನೆಗೆ ಮರಳುವಾಗ ಆಟೋದಲ್ಲಿ ಕೇಳಿದೆ. "ದೊಡ್ಡವ್ವ, ನಿನಗ ರಕ್ತ ಹೋಗ್ತದೇನು?"

ಆಕೆ ರಸ್ತೆ ನೋಡುತ್ತ, "ಮೂಲವ್ಯಾಧಿ ಇರಬೇಕು. ಒಲಿ ಮುಂದ ಕುಂದ್ರಾಕಿಗೆ ಬರದ ಇನ್ಯಾರಿಗೆ ಬರತದ" ಎಂದಳು.

"ಎಷ್ಟ್ ದಿನಾತು?"

"ಹೋದ ಬ್ಯಾಸಗಿಯಿಂದ." ಜಾರಿದ ಬಳೆಗಳನ್ನು ಮೇಲಕ್ಕೆ ತಳ್ಳಿಕೊಂಡು ಮತ್ತೆ ಹೇಳಿದಳು. "ಬಯಲಾಗ ಆಗಿದ್ರ ಗೆಳತ್ಯಾರು ನೋಡಿ ಬೈತಿದ್ರು, ಯಾಕ ಸುಮ್ಮನಿದ್ದೀ ಅಂತ. ಇಲ್ಲಿ ಬಾಗಲಾ ಅದ. ಒಂದ್ ತಂಬಗಿ ನೀರ ಸುರುವಿದ್ರ ಎಲ್ಲಾ ಹೋತು."

ಸಾಲಿನ ಎಲ್ಲರನ್ನೂ ಕೇಳುತ್ತಿದ್ದ ಆಕೆಯನ್ನು ಯಾರೂ ಕೇಳಿರಲಿಲ್ಲ.

ನಡಿ ಎಂದರೆ ಬರಲಿಲ್ಲ. ಸಂಕ್ರಾಂತಿ ಆಗಲಿ ಎಂದಳು. ಖಾನಾವಳಿಯವರು ಬೇರೆ ಕಡೆ ರೊಟ್ಟಿ ಹಿಡಿಯುತ್ತಾರೆ ಎಂದಳು. ನನಗೆ ಬೇರೆ ದಾರಿ ತೋಚಲಿಲ್ಲ. ಮರುದಿನ ಬೆಳಿಗ್ಗೆ ಆಕೆಯ ಕಟ್ಟೆಯ ಮೇಲೆ ನಾನು ಹೋಗಿ ಕೂತೆ. ಆಕೆ ತಂಬಿಗೆ ಹಿಡಿದು ಪಾಯಿಖಾನೆಯಿಂದ ಹೊರಬರುತ್ತಲೇ ಐದು ಮನೆಗೂ ಕೇಳುವಂತೆ ಕೇಳಿದೆ.

"ಆತೇನು ದೊಡ್ಡವ್ವ? ಇವತ್ತೂ ರಕ್ತ ಬಂತೇನು?"

"ಸಣ್ಣಗ ಕೇಳ, ಮಂದಿ ಅದಾರ."

"ನೀ ನನ್ನ ಸಣ್ಣಗ ಕೇಳಿದ್ಯೇನು?"

ಎರಡು ದಿನ ಹಾಗೆಯೇ ಆಯಿತು. ಮೂರನೆಯ ದಿನ ಪಕ್ಕದ ಮನೆಯ ಅಕ್ಕನೂ ನನ್ನ ಜೊತೆ ಬಂದು ಕೂತಳು. ದೊಡ್ಡವ್ವ ನಮ್ಮಿಬ್ಬರನ್ನೂ ನೋಡಿ, ತಂಬಿಗೆ ಕೆಳಗಿಟ್ಟು, "ನಡೀರಿ, ಮಾನ ತಗದ್ರಿ" ಎಂದಳು.

ಮೂಲವ್ಯಾಧಿಯಾಗಿರಲಿಲ್ಲ. ವೈದ್ಯೆ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಕರುಳಿನಲ್ಲಿ ಗಡ್ಡೆ, ಆಪರೇಷನ್ ಎಂದರು. ಮಾನ್ವಿಯಿಂದ ತಂಗಿ ಬಂದಳು. ಆಪರೇಷನ್ನಿನ ಬೆಳಿಗ್ಗೆ ಬಳೆ ತೆಗೆಯಬೇಕೆಂದು ನರ್ಸ್ ಸಾಬೂನು ತಂದಳು. ಸಾಬೂನು ಬೇಕಾಗಲಿಲ್ಲ. ಕೈ ಇಳಿಬಿಟ್ಟರೆ ಸಾಕು, ಒಂದೊಂದಾಗಿ ನನ್ನ ಅಂಗೈಗೆ ಬಿದ್ದವು. "ನೋಡು, ಕಡೀಗೂ ಇವನ್ನ ತಗೀರಿ ಅಂತ ಒಬ್ರು ಹೇಳಿದ್ರು" ಎಂದು ನಕ್ಕಳು ದೊಡ್ಡವ್ವ.

ಆಪರೇಷನ್ ಆದ ಮೇಲೆ ಮಲ ಬೀಳಲು ಹೊಟ್ಟೆಯ ಪಕ್ಕಕ್ಕೆ ಒಂದು ಚೀಲ ಅಂಟಿಸಿದರು. ಒಲೆಯ ಮುಂದೆ ಕೂರುವ ಹಾಗಿರಲಿಲ್ಲ. ಮನೆ ಖಾಲಿ ಮಾಡಿ, ನಾನು ಮರಳಿ ಕೊಟ್ಟ ಬಳೆಗಳನ್ನು ಸೆರಗಿಗೆ ಕಟ್ಟಿಕೊಂಡು, ತಂಗಿಯ ಜೊತೆ ಮಾನ್ವಿಗೆ ಹೋದಳು. ಹೋಗುವ ಮೊದಲು ಹಂಚು, ಪರಾತ ಎಲ್ಲ ಸಾಲಿನವರಿಗೆ ಹಂಚಿದಳು. ನನಗೆ ಕೊಟ್ಟದ್ದು ಆ ಹಿತ್ತಾಳೆಯ ತಂಬಿಗೆ. "ನನಗಿನ್ನ ಇದರ ಕೆಲಸ ಇಲ್ಲ. ಹುಣಸಿಹಣ್ಣು ಹಾಕಿ ತಿಕ್ಕು, ಕುಡ್ಯಾಕ ಇಟ್ಕೋ" ಎಂದಳು. ನನಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ.

ತಿಂಗಳಿಗೊಂದು ಭಾನುವಾರ ಮಾನ್ವಿಯ ಬಸ್ಸು ಹತ್ತುತ್ತಿದ್ದೆ. ಅದೇ ಊರಿನ ಆ ಹುಡುಗನಿಗೆ ಅಷ್ಟರಲ್ಲಿ ಬೇರೆ ಕಡೆ ಹೆಣ್ಣು ನಿಶ್ಚಯವಾಗಿತ್ತು. ಅವರ ಮನೆ ಯಾವ ಓಣಿಯಲ್ಲಿತ್ತೋ, ನಾನು ವಿಚಾರಿಸಲಿಲ್ಲ. ದೊಡ್ಡವ್ವ ಹೊರಸಿನ ಮೇಲೆ ಮಲಗಿರುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು. ನಾನೂ ಆಕೆಯನ್ನು ಕೇಳುತ್ತಿದ್ದೆ. "ನಂದು ಚೀಲದಾಗ ಅದ, ನೀನ ನೋಡ್ಕೋ" ಎನ್ನುತ್ತಿದ್ದಳು. ಇನ್ನೂ ಸ್ವಲ್ಪ ಮೊದಲೇ ಬಂದಿದ್ದರೆ... ಎಂದು ದೊಡ್ಡಾಸ್ಪತ್ರೆಯ ವೈದ್ಯರು ತಂಗಿಗೆ ಹೇಳಿದ್ದರಂತೆ. ತಂಗಿ ಅದನ್ನು ಅಡುಗೆ ಮನೆಯಲ್ಲಿ ಮೆಲ್ಲಗೆ ಹೇಳಿದಳು. ನಾನು ದಿನಚರಿಯಲ್ಲಿ ಬರೆಯಲಿಲ್ಲ.

ಎರಡನೆಯ ಬೇಸಿಗೆಗೆ ತಂಗಿಯ ಫೋನ್ ಬಂತು. ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಬಳೆಗಳನ್ನು ಆಕೆಯ ಜೊತೆಗೇ ಹಾಕಿದೆವು ಎಂದಳು ತಂಗಿ.

ಈಗ ನಾನಿರುವುದು ಎರಡನೆಯ ಮಹಡಿಯ ಒಂದು ಕೋಣೆಯಲ್ಲಿ. ಪಾಯಿಖಾನೆ ಕೋಣೆಯ ಒಳಗೇ ಇದೆ. ಯಾರ ಮುಂದೆಯೂ ಹಾದು ಹೋಗಬೇಕಿಲ್ಲ. ಎದುರಿನ ಕೋಣೆಯಲ್ಲಿ ಯಾರಿದ್ದಾರೆಂದು ಎಂಟು ತಿಂಗಳಾದರೂ ನನಗೆ ಗೊತ್ತಿಲ್ಲ, ಅವರಿಗೂ ನಾನು ಗೊತ್ತಿಲ್ಲ. ಮೊನ್ನೆ ತಂದ ಎರಡು ರೊಟ್ಟಿಯಲ್ಲಿ ಒಂದನ್ನು ತಿಂದೆ. ಅಂಚು ದಪ್ಪವಿತ್ತು, ನಡುವೆ ಬಿರಿದಿತ್ತು. ಹಿಟ್ಟಿಗೆ ನೀರು ಸಾಲದು.

ಬೆಳಿಗ್ಗೆ ಎದ್ದು ಆ ತಂಬಿಗೆಯಲ್ಲಿ ನೀರು ಬಿಸಿ ಮಾಡಿ ಕುಡಿಯುತ್ತೇನೆ. ಸ್ವಲ್ಪ ಹೊತ್ತಿಗೆ ಹೋಗಿ ಬರುತ್ತೇನೆ. ಬಂದು, ಕೈ ಒರೆಸಿಕೊಳ್ಳುತ್ತ, ಮುಚ್ಚಿದ ಬಾಗಿಲಿನ ಕಡೆ ನೋಡಿ ಒಂದು ಕ್ಷಣ ನಿಲ್ಲುತ್ತೇನೆ. ಯಾರೂ ಕೇಳುವುದಿಲ್ಲ.

ಆತು ದೊಡ್ಡವ್ವ, ಎನ್ನುತ್ತೇನೆ.