ಹಳದಿ ಸೀರೆ, ಹಸಿರು ನೀರು

ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ಅತ್ತೆ ಕಪಾಟಿನ ಕೀಲಿಗೊಂಚಲನ್ನು ಬಾವಿಗೆ ಎಸೆದಳು. ಕೆಟ್ಟದ್ದು ಶುರುವಾದದ್ದು ಆಗ.

ಹಿಂದಿನ ದಿನದ ರಿಯಾಲಿಟಿ ಶೋನಲ್ಲಿ ಹುಡುಗಿಯೊಬ್ಬಳು ನೀರು ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ಮುಳುಗಿ ಕೀಲಿ ಹುಡುಕಿದ್ದಳು. ಹೊರಗಿದ್ದವರು ಸೆಕೆಂಡು ಎಣಿಸಿದ್ದರು, ತೀರ್ಪುಗಾರರು ಎದ್ದು ನಿಂತು ಅತ್ತಿದ್ದರು. ಅತ್ತೆ ನನ್ನ ಅಪ್ಪನ ಅಕ್ಕ. ಚಿಕ್ಕಂದಿನಲ್ಲಿ ಕೃಷ್ಣಾ ಹೊಳೆಯಲ್ಲಿ ಈಜು ಕಲಿತವಳು. ಅದನ್ನು ನೋಡಿ ರೊಟ್ಟಿ ಮುರಿಯುತ್ತ ನಕ್ಕುಬಿಟ್ಟಿದ್ದಳು.

"ಇಷ್ಟಕ್ಕ ಅಳ್ತಾರೇನ ಇವ್ರು? ನಮ್ಮ ಬಾಂವ್ಯಾಗ ನಾ ಇದರ ಎರಡ ಪಟ್ಟು ಕುಂಡ್ರತೇನಿ."

"ತೋರಸ್ರಿ ಹಂಗಾರ," ಎಂದಳು ಅವಳ ಸೊಸೆ. "ಬಾಯಿಲೆ ಎಲ್ಲಾರೂ ಗೆಲ್ತಾರ."

ಬಿಎಸ್ಸಿ ಮುಗಿಸಿದ ನಾನು ಚಿಕ್ಕೋಡಿಯಿಂದ ಕಾಗವಾಡದ ಅವರ ತೋಟದ ಮನೆಗೆ ಬಂದಿದ್ದೆ. ನಾನೂ ಚಪ್ಪಾಳೆ ತಟ್ಟಿದೆ.

ಕೀಲಿ ಎಸೆದು, ಸೀರೆಯನ್ನು ಕಚ್ಚೆ ಬಿಗಿದು ಅತ್ತೆ ಮುಳುಗಿದಳು. ಸೊಸೆ ಮೊಬೈಲ್ ಹಿಡಿದಳು. ದ್ರಾಕ್ಷಿ ಕೀಳಲು ಬಂದ ಹೆಂಗಸರು ದಂಡೆಯ ಮೇಲೆ ಸಾಲಾಗಿ ಕೂತು ಕನ್ನಡದಲ್ಲಿ, ಮರಾಠಿಯಲ್ಲಿ ಎಣಿಸತೊಡಗಿದರು. ಎಣಿಕೆ ಬಾವಿಯ ಕಲ್ಲಿಗೆ ಬಡಿದು ತಿರುಗಿ ಬರುತ್ತಿತ್ತು. ಬಿಸಿಲು ಹಸಿರು ನೀರಿನೊಳಗೆ ಕೋಲುಕೋಲಾಗಿ ಇಳಿದಿತ್ತು. ತಳದಲ್ಲಿ ಹಳದಿ ಸೀರೆ ಮೆಲ್ಲಗೆ ಅರಳುತ್ತಿತ್ತು. ಅಷ್ಟು ಚಂದದ್ದನ್ನು ನಾನು ಯಾವ ಪರದೆಯಲ್ಲೂ ಕಂಡಿರಲಿಲ್ಲ. ಆಮೇಲೆ ಸೀರೆ ಜಗ್ಗಾಡಿತು. ಒಂದು ಕೈ ಮೇಲಕ್ಕೆ ಬಂದು ಹೋಯಿತು.

"ಕೈ ಮಾಡಾಕತ್ತಾಳ ನೋಡ್ರೆ!"

ನಾವೂ ಕೈ ಬೀಸಿದೆವು.

ಮೋಟರ್ ಚಾಲೂ ಮಾಡಲು ಬಂದ ಮಾಮಾ, ಅತ್ತೆಯ ಗಂಡ, ಶೋ ನೋಡುವವರಲ್ಲ. "ಯಾರ ಅದಾರ ಒಳಗ?" ಎಂದರು.

"ಅತ್ತಿ ಅದಾರ್ರೀ. ನೂರಾ ಹತ್ತ ಆತು!" ಎಂದಳು ಸೊಸೆ.

ಮಾಮಾ ಚಪ್ಪಲಿ ಸಮೇತ ಹಾರಿದರು. ಸೆರಗು ಮೋಟರ್ ಪೈಪಿನ ಕ್ಲಾಂಪಿಗೆ ಸಿಕ್ಕಿಕೊಂಡಿತ್ತು. ಹರಿದು ಬಿಡಿಸಿ ಮೇಲೆ ತಂದಾಗ ಅತ್ತೆಯ ತುಟಿ ನೀಲಿ. ಕವುಚಿ ಹಾಕಿ ಬೆನ್ನು ಗುದ್ದಿದ ಮೇಲೆ ಕೆಮ್ಮಿದಳು. ಮಿರಜಿನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಮನೆಗೆ ಬಂದಳು.

ನಿದ್ದೆ ಕೆಟ್ಟದ್ದು ನನ್ನದು. ಕಣ್ಣು ಮುಚ್ಚಿದರೆ ಆ ಕೈ ನಿಧಾನವಾಗಿ, ಹಿನ್ನೆಲೆ ಸಂಗೀತದ ಜೊತೆ ಮೇಲೇಳುತ್ತಿತ್ತು. ಅಲ್ಲಿಗೇ ನಿಂತು, ಜಾಹೀರಾತಿನಷ್ಟು ಹೊತ್ತು ಕಾಯಿಸಿ, ಮತ್ತೆ ಮೊದಲಿನಿಂದ. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ, ಕ್ಯಾಮೆರಾ ತೋರಿಸದ ಕಡೆ, ಮೇಲೆತ್ತುವವರು ನಿಂತಿರುತ್ತಾರೆ. ನಮ್ಮ ದಂಡೆಯಲ್ಲಿ ಬರೀ ನೋಡುವವರಿದ್ದೆವು.

ನಾನು ನಡುರಾತ್ರಿ ಎದ್ದು ಕೂರುವುದು ಅತ್ತೆಗೆ ಗೊತ್ತಾಯಿತು. ಕೆಮ್ಮು ಪೂರ್ತಿ ನಿಂತ ಮೇಲೆ ಒಂದು ಮುಂಜಾನೆ ಬಾವಿಗೆ ಕರೆದೊಯ್ದಳು, ಮಾಮಾನ ಹಳೇ ಅಂಗಿ, ಪ್ಯಾಂಟು ಹಾಕಿಕೊಂಡು.

"ಸಾಹೇಬ್ರು ಹೊಂಟ್ರ ನೋಡ್ರೆ!" ಎಂದು ಹೆಂಗಸರು ನಕ್ಕರು.

"ನಗ್ರಿ, ನಗ್ರಿ. ನಿಮ್ಮನ್ನೂ ಇಳಸ್ತೇನಿ." ನನ್ನ ಕಡೆ ತಿರುಗಿದಳು. "ನಿನಗ ಈಸಾಕ ಬರಂಗಿಲ್ಲ. ಅದಕ್ಕ ಅಂಜಿಕಿ ನಿನ್ನ ಹಿಡದ ಕುಂತೈತಿ. ಇಳಿ."

ಮಾಮಾ ಮೆಟ್ಟಿಲ ಮೇಲೆ ಹಗ್ಗ ಹಿಡಿದು ಕೂತರು. ನಾನು ನೀರು ಕುಡಿದೆ, ಚೀರಿದೆ, ಬೈಸಿಕೊಂಡೆ. ದಿನಾ ಇಳಿದೆ. ಒಂದು ದಿನ ನನ್ನ ಹೊಟ್ಟೆಯ ಕೆಳಗಿದ್ದ ತನ್ನ ಕೈಯನ್ನು ಅತ್ತೆ ಯಾವಾಗ ತೆಗೆದಳೋ ಗೊತ್ತೇ ಆಗಲಿಲ್ಲ. ಆಚೆ ಗೋಡೆ ಮುಟ್ಟಿ ತಿರುಗಿ ನೋಡಿದಾಗ ಅವಳು ದೂರದಲ್ಲಿದ್ದಳು.

ಅಂದು ಶುಕ್ರವಾರ. ರಾತ್ರಿ ಉಂಡು ಅಡ್ಡಾದ ನನಗೆ ಎಚ್ಚರವಾದದ್ದು ಮರುದಿನ ಹಾಸಿಗೆಗೆ ಬಿಸಿಲು ಬಂದ ಮೇಲೆ.